ನಾಲ್ಕನೇ ಕೋಣೆಯ ಗಿಳಿ

ಟೈಲ್ಸ್ ಹಾಕುವವರು ಏನೋ ಕೇಳಿದ್ದರು, ನಾನು "ಹೂಂ" ಅಂದಿದ್ದೆ. ಕೇಳಿದ್ದು ಏನು ಎಂಬುದು ನೆನಪಿಗೆ ಬರುವಷ್ಟರಲ್ಲಿ ನಮ್ಮ ನಾಲ್ಕನೇ ಕೋಣೆಯ ಮೊದಲ ಅತಿಥಿಯ ಟ್ಯಾಕ್ಸಿ ರಸ್ತೆಯ ತಿರುವಿಗೆ ಬಂದುಬಿಟ್ಟಿತ್ತು.

ಹೂಂ ಅನ್ನುವುದು ನನಗೆ ಉಸಿರಾಟದಷ್ಟೇ ಸಲೀಸು. ಅಜ್ಜಿಯ ಮಗ್ಗುಲಲ್ಲಿ ಮಲಗಿ ಬೆಳೆದವಳು ನಾನು. ಅಜ್ಜಿಯ ಕತೆಗೆ ಹೂಂಗುಟ್ಟದಿದ್ದರೆ ರಾಜಕುಮಾರ ಒಂದು ಕಾಲನ್ನು ಕುದುರೆಯ ರಿಕಾಪಿನಲ್ಲಿಟ್ಟು, ಇನ್ನೊಂದನ್ನು ಗಾಳಿಯಲ್ಲಿಟ್ಟು ಹಾಗೇ ನಿಂತುಬಿಡುತ್ತಿದ್ದ. "ನೀನು ಹೂಂ ಅನ್ನೋ ತನಕ ಅವನು ಕುದುರೆ ಹತ್ತಲ್ಲ, ನೋಡು" ಅನ್ನುತ್ತಿದ್ದಳು ಅಜ್ಜಿ. ಪಾಪ, ಅವನ ಕಾಲು ನೋಯದಿರಲಿ ಎಂದು ನಾನು ಅರೆನಿದ್ದೆಯಲ್ಲೂ ಹೂಂಗುಟ್ಟುತ್ತಿದ್ದೆ. ಈಗಲೂ ಯಾರಾದರೂ ಮಾತಿನ ಕೊನೆಯನ್ನು ಕೊಂಚ ಎಳೆದರೆ ಸಾಕು, ಬಾಯಿ ತಾನಾಗಿಯೇ ಹೂಂ ಅನ್ನುತ್ತದೆ. ಮನಸ್ಸು ಎಲ್ಲಿರುತ್ತದೋ ದೇವರೇ ಬಲ್ಲ. ಅದಕ್ಕೇ ಮನೆಯವರೆಲ್ಲ ನನ್ನನ್ನು ಕರೆಯುವುದು "ಮೋಡ" ಎಂದು.

ನಮ್ಮದು ಒಂದೇ ಗೇಟು, ಒಂದೇ ಅಂಗಳ, ಒಂದೇ ಅಡುಗೆಮನೆಯ ದೊಡ್ಡ ಮನೆ. ದೊಡ್ಡಮ್ಮ, ಅಮ್ಮ, ಮಾವ, ಮೂವರೂ ಅಜ್ಜಿಯ ಮಕ್ಕಳು. ರಜೆಗೆ ಬರುವವರಿಗೆ ಬಾಡಿಗೆಗೆ ಕೊಡಲು ಒಬ್ಬೊಬ್ಬರಿಗೂ ಒಂದೊಂದು ಕೋಣೆ. ದೊಡ್ಡಮ್ಮನದು ಮಹಡಿಯ ಮುಂಭಾಗ, ಮಾವನದು ಮಹಡಿಯ ಹಿಂಭಾಗ, ಅಡುಗೆಮನೆಯ ನೆತ್ತಿಯ ಮೇಲೆ. ಅಮ್ಮನದು ಗೇಟಿನ ಪಕ್ಕ. ಉಳಿದ ಸಂದುಗೊಂದಿನಲ್ಲಿ ನಾವು. ಅತಿಥಿಗಳ ಬೆಡ್‌ಶೀಟುಗಳು ಒಂದೇ ಹಗ್ಗದ ಮೇಲೆ ಒಣಗುತ್ತವೆ. ಯಾವುದು ಯಾರ ಶೀಟು ಎಂಬ ಜಗಳ ನಮ್ಮಲ್ಲಿ ಬೆಳಗಿನ ಚಹಾದ ಜೊತೆಗೇ ಏಳುತ್ತದೆ.

ನಾಲ್ಕನೆಯದು ನನ್ನ ಕನಸು. ಅಡುಗೆಮನೆಯ ಹಿಂದೆ ಮುರಿದ ಕುರ್ಚಿ, ತೂತು ಬಕೆಟ್ಟು ತುಂಬಿದ್ದ ಉಗ್ರಾಣವೊಂದಿತ್ತು. ಅದರ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಹಳದಿ ಸೀರೆ ಹರವಿದಂತೆ ಒಳಗೆ ಬಿದ್ದು ಯಾರೂ ನೋಡದೆ ವ್ಯರ್ಥವಾಗುತ್ತಿತ್ತು. ನಾನು ಅದನ್ನು ಕೋಣೆ ಮಾಡೋಣ, ನಾನೇ ನೋಡಿಕೊಳ್ಳುತ್ತೇನೆ ಎಂದು ಹಟ ಹಿಡಿದೆ. ಇಲ್ಲವಾದರೆ ದೊಡ್ಡಪ್ಪನ ಪರಿಚಯದವರ ಕಚೇರಿಯಲ್ಲಿ ನನಗೊಂದು ಕುರ್ಚಿ ಕಾದಿತ್ತು. ಬೇರೆ ಊರು, ಕಿಟಕಿಯಿಲ್ಲದ ಗೋಡೆ, ದಿನವಿಡೀ ಫೋನ್ ಎತ್ತುವ ಕೆಲಸ. ಆ ಕುರ್ಚಿ ನನ್ನ ಕನಸಿನಲ್ಲಿ ಬಂದಾಗಲೆಲ್ಲ ಅದಕ್ಕೆ ಹಲ್ಲುಗಳಿರುತ್ತಿದ್ದವು.

ಮಾವ ಆ ಉಗ್ರಾಣದ ಮೇಲೆ ತನ್ನ ಬಾಡಿಗೆ ಸೈಕಲ್ಲುಗಳಿಗೆ ಎಂದು ಮೊದಲಿನಿಂದಲೂ ಕಣ್ಣಿಟ್ಟಿದ್ದ. ಆದರೂ ಅಜ್ಜಿಯ ಮುಖ ನೋಡಿ ಒಪ್ಪಿದ. ಒಪ್ಪಿಗೆಯಲ್ಲೂ ಕೊಕ್ಕೆ ಇತ್ತು.

"ಮೊದಲ್ನೇ ಅತಿಥಿ ಬಂದು ಹೋಗೋ ತನಕ ನೋಡೋಣ. ನಿನ್ನ ಕೋಳಿಗೂಡಿಂದ ನಮ್ಮ ರೂಮುಗಳಿಗೆ ತೊಂದ್ರೆ ಆಗಬಾರದು. ಅತಿಥಿ ಬಾಯಲ್ಲಿ ಒಂದೇ ಒಂದು ದೂರೂ ಬರಬಾರದು. ಬಂತೋ, ಸೈಕಲ್ಲು ಒಳಗೆ, ಮೋಡ ಬಸ್ಸಿನೊಳಗೆ. ಸರಿನಾ?"

"ಹೂಂ" ಅಂದಿದ್ದೆ.

ಇನ್ನು ಗಿಳಿಯ ವಿಷಯ. ರಾಕ್ಷಸನ ಪ್ರಾಣ ಗಿಳಿಯಲ್ಲಿರುವ ಕತೆ ಯಾರಿಗೆ ಗೊತ್ತಿಲ್ಲ? ಕತ್ತು ಮುರಿದರೆ ರಾಕ್ಷಸ ಸಾಯುತ್ತಾನೆ. ಚಿಕ್ಕಂದಿನಲ್ಲಿ ಅಲ್ಲಿಗೆ ಬಂದಾಗ ನಾನು ಹೋ ಎಂದು ಅಳುತ್ತಿದ್ದೆನಂತೆ, ರಾಕ್ಷಸನಿಗಲ್ಲ, ಗಿಳಿಗೆ. ಅದಕ್ಕೆ ಅಜ್ಜಿ ಕತೆಯನ್ನೇ ಬದಲಾಯಿಸಿದಳು. ನಮ್ಮ ಮನೆಯ ಕತೆಯಲ್ಲಿ ರಾಜಕುಮಾರ ಗಿಳಿಯ ಕತ್ತನ್ನು ಮೆಲ್ಲಗೆ ಒಂದು ಕಡೆ ತಿರುಗಿಸುತ್ತಾನೆ, ರಾಕ್ಷಸನಿಗೆ ನಿದ್ದೆ ಬರುತ್ತದೆ. ಮತ್ತೆ ಈಚೆ ತಿರುಗಿಸಿದರೆ ಎಚ್ಚರ. ಯಾರೂ ಸಾಯುವುದಿಲ್ಲ.

ಉಗ್ರಾಣದ ಗೋಡೆಯ ಗೂಡೊಂದರಲ್ಲಿ ಮನೆಗೆಲ್ಲ ನೀರು ಹಂಚುವ ಪೈಪಿನ ವಾಲ್ವ್ ಇತ್ತು. ಹಸಿರು ಬಣ್ಣದ, ಕೊಕ್ಕಿನಂತೆ ಬಾಗಿದ ಹಿಡಿ. ಟ್ಯಾಂಕಿನಿಂದ ಇಳಿಯುವ ನೀರೆಲ್ಲ ಅದರ ಗಂಟಲಿನಿಂದಲೇ ಹೋಗಬೇಕು. "ಈ ಮನೆ ಪ್ರಾಣ ಇರೋದು ಇದರಲ್ಲೇ" ಎಂದು ಅಜ್ಜಿ ಅದಕ್ಕೆ ಗಿಳಿ ಎಂದು ಹೆಸರಿಟ್ಟಳು. ಅಲ್ಲಿಂದ ನಮ್ಮ ಮನೆಯಲ್ಲಿ ಯಾರೂ ನೀರು ನಿಲ್ಲಿಸಿ ಅನ್ನುವುದಿಲ್ಲ, ಗಿಳಿ ಕತ್ತು ತಿರುಗಿಸಿ ಅನ್ನುತ್ತೇವೆ. ಅದಕ್ಕೆ ಬೇರೆ ಹೆಸರಿದೆ ಎಂಬುದೇ ನಮಗೆ ಮರೆತುಹೋಗಿತ್ತು.

ಮೊದಲ ಅತಿಥಿ ಬರುವ ಆ ಬೆಳಿಗ್ಗೆ ನಾನು ಹಾಸಿಗೆ ಪಕ್ಕದ ದೀಪದ ವೈರು ಸಿಕ್ಕಿಸಲು ಮಂಚದ ಕೆಳಗೆ ತೂರಿದೆ. ಮಂಚದ ತಲೆಹಲಗೆಯ ಹಿಂದೆ ಗೂಡು ಇದೆ, ಅದರೊಳಗೆ ಗಿಳಿ ಇದೆ ಎಂದೇ ನಾನು ನಂಬಿಕೊಂಡಿದ್ದು. ಕೈ ಹಾಕಿದೆ. ನುಣ್ಣನೆಯ ಟೈಲ್ಸ್. ಇನ್ನೊಂದು ಕಡೆ ತಡವಿದೆ. ತಣ್ಣಗೆ, ನುಣ್ಣಗೆ, ಮೀನಿನ ಹೊಟ್ಟೆಯ ಹಾಗೆ.

ಆಗ ಟೈಲ್ಸಿನವರ ದನಿ ಕಿವಿಯಲ್ಲಿ ಎದ್ದಿತು. "ಈ ಗೂಡಿಗೊಂದು ಸಿಮೆಂಟ್ ಹಲಗೆ ಕೊಟ್ಟು ಮುಚ್ಚಿಬಿಡ್ಲಾ ಅಮ್ಮಾ?" ನಾನು ಬಿಸಿಲು ನೋಡುತ್ತ ನಿಂತಿದ್ದೆ. "ಹೂಂ. ಗಿಳಿ ಮಾತ್ರ ಕಾಣೋ ಹಾಗೆ ಬಿಡಿ."

ಗಿಳಿ ಕಾಣುತ್ತಿತ್ತು, ನಿಜ. ಅದೇ ಗೋಡೆಯ ಮೇಲ್ಗಡೆ, ಯಾವ ಕಾಲದ್ದೋ ಮರದ ಗಿಳಿಯೊಂದು ಕೋಟು ತೂಗುಹಾಕುವ ಗೂಟವಾಗಿ ಕೂತಿತ್ತು. ಅದರ ರೆಕ್ಕೆ, ಬಾಲ, ಕೊಕ್ಕಿನ ಸುತ್ತ ಟೈಲ್ಸನ್ನು ಎಷ್ಟು ನಾಜೂಕಾಗಿ ಕತ್ತರಿಸಿದ್ದರೆಂದರೆ, ಕೆಲಸ ಮುಗಿದ ದಿನ ನಾನು ಅದನ್ನು ನೋಡಿ ಮೈಮರೆತಿದ್ದೆ. ಮೈಮರೆತವಳಿಗೆ ಗೂಡು ನೆನಪಾಗಲಿಲ್ಲ.

ದಿಂಬು ತಂದ ದೊಡ್ಡಮ್ಮ ಮಂಚದ ಕೆಳಗಿಂದ ಹೊರಬಂದ ನನ್ನನ್ನು ನೋಡಿ ನಿಂತಳು. "ಏನೇ, ಮುಖ ಬಿಳಿಚಿಕೊಂಡಿದೆ? ಹಲ್ಲಿ ಬಿತ್ತಾ?"

"ದೊಡ್ಡಮ್ಮಾ, ಗಿಳಿ ಗೋಡೆಯೊಳಗೆ ಹೋಗಿಬಿಟ್ಟಿದೆ."

ಅವಳು ತಲೆಹಲಗೆಯ ಹಿಂದೆ ತಾನೂ ತಡವಿದಳು. ಆಮೇಲೆ ದಿಂಬನ್ನು ಎದೆಗವಚಿಕೊಂಡು ಮಂಚದ ಮೇಲೆ ಕೂತುಬಿಟ್ಟಳು. "ಜೀವಂತ ಸಮಾಧಿ ಮಾಡ್ಸಿದೀಯಲ್ಲೇ ತಾಯಿ!"

"ಮಾವನಿಗೆ ಹೇಳ್ಬಿಡ್ಲಾ?"

"ಹೇಳು, ಹೇಳು. ಹಾಗೇ ಬಟ್ಟೇನೂ ಕಟ್ಕೋ." ದೊಡ್ಡಮ್ಮ ದನಿ ತಗ್ಗಿಸಿದಳು. "ಬಾಯಿ ಹೊಲ್ಕೊಂಡಿರು. ಈ ಅತಿಥಿ ಹೋಗೋ ತನಕ ಯಾರಿಗೂ ಗಿಳಿ ಬೇಕಾಗದೆ ಇದ್ರೆ ಬಚಾವ್. ಆ ಟೈಲ್ಸಿನವನಿಗೆ ಫೋನ್ ಮಾಡು."

ಮಾಡಿದೆ. "ಗಿಳಿ ಮುಚ್ಚಿಬಿಟ್ಟಿದೀರಲ್ರೀ!"

"ಎಂಥ ಮಾತು ಹೇಳ್ತೀರಮ್ಮಾ! ಅದರ ಬಾಲದ ಸುತ್ತ ಕತ್ತರಿಸೋಕೇ ಅರ್ಧ ದಿನ ಹೋಯ್ತು ನಂದು. ಒಂದು ಗೀರಿದ್ರೆ ಹೇಳಿ."

"ಆ ಗಿಳಿ ಅಲ್ರೀ, ನೀರು ಬರೋ ಗಿಳಿ."

"ಅಮ್ಮಾ, ಮನೇಲಿ ಬೇರೆ ಯಾರಾದ್ರೂ ಇದ್ರೆ ಫೋನ್ ಕೊಡ್ತೀರಾ?"

ಹಸಿರು ಹಿಡಿ, ಪೈಪು, ಗೂಡು ಎಂದೆಲ್ಲ ಬಿಡಿಸಿ ಹೇಳಿದ ಮೇಲೆ ಅವರು ಹಿಡಿದ ಕೆಲಸ ಮುಗಿಸಿ ನಾಡಿದ್ದು ಬರುತ್ತೇನೆಂದರು. ಅಷ್ಟರಲ್ಲಿ ಗೇಟಿನ ಹತ್ತಿರ ಹಾರ್ನ್ ಆಯಿತು.

ಬಂದವರು ಬಸ್ ಡ್ರೈವರ್. ಗಟ್ಟಿ ತೋಳಿನ, ಕಣ್ಣ ಕೆಳಗೆ ಕಪ್ಪಾದ ಹೆಂಗಸು. ಬ್ಯಾಗನ್ನು ನನ್ನ ಕೈಗೆ ಕೊಡಲಿಲ್ಲ.

"ದೂರದ ಬಸ್ಸು ಓಡಿಸ್ತೀನಿ ನಾನು. ಮಲಗೋಕೆ ಅಂತ ಬಂದಿರೋದು. ಊರು ತೋರಿಸ್ತೀವಿ, ಸೈಕಲ್ ಕೊಡ್ತೀವಿ, ಏನೂ ಬೇಡ. ಯಾರೂ ಬಾಗಿಲು ತಟ್ಟಬಾರದು. ಅಷ್ಟೇ."

ಸೈಕಲ್ ಎಂಬ ಮಾತಿಗೆ ಅಂಗಳದಲ್ಲಿದ್ದ ಮಾವನ ಮುಖ ಸೊಟ್ಟಗಾಯಿತು. ಕೋಣೆಯೊಳಗೆ ಬಂದ ಅವರು ಬಿಸಿಲನ್ನೂ ನೋಡಲಿಲ್ಲ, ಹೂದಾನಿಯನ್ನೂ ನೋಡಲಿಲ್ಲ. ಮಂಚ ನೋಡಿದರು, ಕೈಯಿಂದ ಒತ್ತಿದರು, "ಹಾಂ" ಎಂದು ಬಾಗಿಲು ಹಾಕಿಕೊಂಡರು.

ಆ ದಿನವಿಡೀ ನಾನು ನೀರಿನ ಸದ್ದು ಕೇಳುತ್ತಾ ಓಡಾಡಿದೆ. ಈ ಮನೆಯಲ್ಲಿ ಇಷ್ಟೊಂದು ನಲ್ಲಿಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ದೊಡ್ಡಮ್ಮನ ಕೋಣೆಯ ಫ್ಲಶ್ ಗೊರಗೊರ ಅಂದರೆ ಅದು ನಿಲ್ಲುವ ತನಕ ಮೆಟ್ಟಿಲ ಬುಡದಲ್ಲೇ ಕಾಯುತ್ತಿದ್ದೆ. ಅಂಗಳದ ನಲ್ಲಿಯನ್ನು ಯಾರಾದರೂ ಜೋರಾಗಿ ತಿರುಗಿಸಿದರೆ "ಮೆಲ್ಲಗೆ, ಮೆಲ್ಲಗೆ" ಎಂದು ಓಡುತ್ತಿದ್ದೆ. ಅಮ್ಮ ಪಾತ್ರೆ ತೊಳೆಯುತ್ತಾ ನನ್ನನ್ನೇ ನೋಡಿದಳು. "ಮಗು ಮಲಗಿಸೋ ಹಾಗೆ ನಲ್ಲಿ ನಿಲ್ಲಿಸ್ತಾ ಇದೀಯಲ್ಲ, ಏನಾಗಿದೆ ನಿಂಗೆ?" ಅಮ್ಮನಿಗೂ ಹೇಳಬೇಕಾಯಿತು. ಆಗಿನಿಂದ ಅವಳೂ ನಲ್ಲಿಗಳನ್ನು ಎರಡು ಬೆರಳಲ್ಲಿ ತಿರುಗಿಸತೊಡಗಿದಳು.

ಸಂಜೆ ಚಹಾಕ್ಕೆ ಕೂತಾಗ ಮಾವ ಅಂದ, "ನನ್ನ ರೂಮಿನ ಬಾತ್‌ರೂಮ್ ನಲ್ಲಿ ತೊಟ್ಟಿಕ್ತಾ ಇದೆ. ಹೊಸದು ತಂದಿದೀನಿ. ನಾಳೆ ಬೆಳಿಗ್ಗೆ ಹಾಕಿಬಿಡ್ತೀನಿ."

ನನ್ನ ಬಿಸ್ಕತ್ತು ಚಹಾದಲ್ಲಿ ಮುರಿದು ಮುಳುಗಿತು.

"ನಾಳೆನೇ ಯಾಕೋ?" ದೊಡ್ಡಮ್ಮ ಥಟ್ಟನೆ ಅಂದಳು. "ನಿನ್ನ ರೂಮಲ್ಲಿ ಕೈಗೂಸು ಇರೋ ಗಂಡ ಹೆಂಡತಿ ಇದಾರೆ. ಮಗು ಮಲಗಿರುತ್ತೆ."

"ಅವರೇ ಹೇಳಿದ್ದು, ಮಗು ಆ ಸದ್ದಿಗೆ ಏಳುತ್ತೆ ಅಂತ."

"ಒಂದು ಬಟ್ಟೆ ಸುತ್ತಿಡು."

"ಅಕ್ಕಾ, ನಾನೇನು ನಲ್ಲಿಗೆ ಬಾಣಂತನ ಮಾಡ್ಲಾ? ಅರ್ಧ ಗಂಟೆ ಕೆಲಸ. ಗಿಳಿ ಸ್ವಲ್ಪ ಹೊತ್ತು ಮಲಗಲಿ."

ಅಜ್ಜಿ ತನ್ನ ಬೆತ್ತದ ಕುರ್ಚಿಯಿಂದ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಅವಳ ಕಿವಿ ಮಂದವಾಗಿದ್ದರೂ ಕಣ್ಣು ಚುರುಕು. "ಮೋಡ ಕಪ್ಪಾಗಿದೆಯಲ್ಲ" ಅಂದಳು. ಅಷ್ಟೇ ಅಂದು ಚಹಾ ಕುಡಿದಳು.

ಬೆಳಗಾದಾಗ ನಾನು ಒಂದು ಉಪಾಯ ಹೂಡಿದ್ದೆ. ಡ್ರೈವರಮ್ಮ ತಿಂಡಿಗೆ ಎದ್ದು ಬಂದರೆ, ಅವರನ್ನು ಅಂಗಳದಲ್ಲಿ ಕೂರಿಸಿ, ಮಾವನಿಗೆ ಗೊತ್ತಾಗದ ಹಾಗೆ ನಾನೇ ಟೈಲ್ಸ್ ಒಂದನ್ನು ಬಿಡಿಸಿ ನೋಡುವುದು. ಆದರೆ ಅವರು ಏಳಲಿಲ್ಲ. ಬಾಗಿಲ ಹೊರಗೆ ನಿಂತು ಕಿವಿಗೊಟ್ಟೆ. ಒಳಗೆ ಗೊರಕೆ, ಏರು ರಸ್ತೆ ಹತ್ತುವ ಬಸ್ಸಿನದೇ ದನಿ. ಇಂಥ ನಿದ್ದೆಯನ್ನು ಯಾರು ಮುರಿದಾರು? ಮಾವ ಆಮೇಲೆ ಮಾಡುತ್ತಾನೆ, ಹೇಗೂ ಅವನ ಬೆಳಿಗ್ಗೆ ಅಂದರೆ ಊಟದ ಹೊತ್ತು ಎಂದು ಸಮಾಧಾನ ಮಾಡಿಕೊಂಡೆ. ಹಗ್ಗದ ಮೇಲೆ ಶೀಟು ಹರವುತ್ತಾ ನಿಂತೆ. ಶೀಟು ಗಾಳಿಗೆ ಉಬ್ಬಿತು. ಅದೊಂದು ಹಾಯಿಯಾಯಿತು, ಹಡಗಿನಲ್ಲಿ ನಾನಿದ್ದೆ, ಕಿಟಕಿಯಿಲ್ಲದ ಕಚೇರಿಯೊಂದು ದಡದಲ್ಲೇ ಉಳಿದು ಸಣ್ಣದಾಗುತ್ತಿತ್ತು...

"ಮೋಡಾ, ಗಿಳಿ ಕತ್ತು ತಿರುಗಿಸಿದ್ಯೇನೇ?" ಮೇಲಿನಿಂದ ಯಾರೋ ಎಳೆದು ಕೂಗಿದರು.

"ಹೂಂ" ಅಂದೆ.

ಅಂದ ಮೇಲೆ ನನ್ನ ಕೈಯಲ್ಲಿ ಶೀಟು ಹಾಗೇ ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಮಾವನ ಕೋಣೆಯಿಂದ ಠಣ್ ಎಂಬ ಸದ್ದು, ಅದರ ಬೆನ್ನಿಗೇ ಹೊಟ್ಟೆಯೊಳಗಿಂದ ಬಂದಂಥ ಒಂದು ಕೂಗು.

"ಅಯ್ಯಯ್ಯೋ! ತಿರುಗಿಸೇ! ತಿರುಗಿಸು ಅಂದ್ರೆ!"

ಮಗು ಕಿರುಚಿತು. ಅದರ ತಾಯಿ "ಸೂಟ್‌ಕೇಸು, ಸೂಟ್‌ಕೇಸು" ಎಂದು ಕೂಗಿಕೊಂಡಳು. ಅಡುಗೆಮನೆಯ ದೀಪದ ಬುಡದಿಂದ ನೀರು ದಾರ ಬಿಟ್ಟಂತೆ ಇಳಿಯತೊಡಗಿತು. ಅಮ್ಮ ಓಡಿಬಂದು ನನ್ನ ಕೈಗೆ ಕಲ್ಲಿನ ಕುಟ್ಟಾಣಿ ತುರುಕಿದಳು. "ಹೋಗು! ಬಡಿ!"

ನಾನು ಬಾಗಿಲು ತಟ್ಟಿದೆ. ಯಾರೂ ತಟ್ಟಬಾರದು ಎಂದಿದ್ದ ಬಾಗಿಲನ್ನು ಎರಡೂ ಕೈಯಲ್ಲಿ, ಕುಟ್ಟಾಣಿಯ ಸಮೇತ. ಡ್ರೈವರಮ್ಮ ಬಾಗಿಲು ತೆರೆದರು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ.

"ಒಳಗೆ ಗಿಳಿ ಇದೆ, ಅದರ ಕತ್ತು ತಿರುಗಿಸಬೇಕು" ಎಂದೆ ಏದುಸಿರಿನಲ್ಲಿ.

ಅವರು ನನ್ನ ಕೈಯಲ್ಲಿದ್ದ ಕುಟ್ಟಾಣಿ ನೋಡಿದರು. ತಿರುಗಿ ಗೋಡೆಯ ಮೇಲಿನ ಗಿಳಿಯನ್ನು ನೋಡಿದರು. "ಅದು ಮರದ್ದಮ್ಮಾ" ಎಂದರು, ಜ್ವರ ಬಂದವರ ಜೊತೆ ಮಾತಾಡುವ ಹಾಗೆ.

"ಇನ್ನೊಂದಿದೆ. ಗೋಡೆಯೊಳಗೆ."

"ಮನೇಲಿ ದೊಡ್ಡೋರು ಯಾರೂ ಇಲ್ವಾ?"

ಅಷ್ಟರಲ್ಲಿ ಮೇಲಿನಿಂದ ಮಾವನ ಕೂಗು ಮತ್ತೆ ಬಂತು. "ಕತ್ತು ತಿರುಗಿಸೇ, ಕೊಲ್ತೀನಿ ನಿನ್ನ!" ಡ್ರೈವರಮ್ಮನ ಮುಖ ಬದಲಾಯಿತು. "ನೀರು!" ಎಂದು ನಾನು ಬಿಕ್ಕಿದೆ. "ನೀರು ನಿಲ್ಸೋ ವಾಲ್ವ್! ಅದು ಈ ಟೈಲ್ಸ್ ಹಿಂದೆ ಇದೆ!" ಆ ಪದ ನನ್ನ ಬಾಯಿಗೆ ಎಲ್ಲಿಂದ ಬಂತೋ. ಎಷ್ಟೋ ವರ್ಷದಿಂದ ಅದನ್ನು ಉಚ್ಚರಿಸಿಯೇ ಇರಲಿಲ್ಲ.

"ಅದನ್ನ ಮೊದಲೇ ಹೇಳಬಾರದಾ?" ಅವರು ಮಂಚದ ಕಾಲು ಹಿಡಿದು ಒಂದೇ ಎಳೆತಕ್ಕೆ ಈಚೆ ತಂದರು.

ಗೋಡೆ ಪೂರ್ತಿ ಬೆಳ್ಳಗೆ, ಎಲ್ಲ ಕಡೆ ಒಂದೇ ತರಹ. ಎಲ್ಲಿ ಹೊಡೆಯುವುದು? ಕಣ್ಣು ಮಂಜಾಯಿತು. ಆಗ ಮರದ ಗಿಳಿಯ ಬಾಲ ಕಂಡಿತು. ಚಿಕ್ಕವಳಿದ್ದಾಗ ಆ ಗೂಡಿನಲ್ಲಿ ಕೂತು ತಲೆಯೆತ್ತಿದರೆ ನೇರ ನೆತ್ತಿಯ ಮೇಲೆ ಆ ಬಾಲ ಇರುತ್ತಿತ್ತು. ಬಾಲದ ನೇರಕ್ಕೆ ಕೆಳಗಿಳಿದು, ನನ್ನ ಸೊಂಟದ ಎತ್ತರದಲ್ಲಿ ಕುಟ್ಟಾಣಿ ಬೀಸಿದೆ. ನಾನೇ ಆರಿಸಿ ತಂದ, ಉಗುರಿನಿಂದ ಕಲೆ ಕೆರೆದಿದ್ದ ಟೈಲ್ಸ್. ಬಿರುಕು ಜೇಡರ ಬಲೆಯಂತೆ ಹಬ್ಬಿತು. ಇನ್ನೊಂದು ಏಟು. ಮತ್ತೊಂದು. ಹಲಗೆ ಒಳಗೆ ಕುಸಿಯಿತು. ಧೂಳಿನೊಳಗೆ ಕೈ ಹಾಕಿದೆ. ಅಂಗೈ ಕೊಯ್ದಿದ್ದು ಆಮೇಲೆ ಗೊತ್ತಾಯಿತು. ಬೆರಳಿಗೆ ಕೊಕ್ಕು ಸಿಕ್ಕಿತು.

ತಿರುಗಿಸಿದೆ.

ಮೇಲಿನ ಭೋರ್ಗರೆತ ಗೊರಕೆಯಾಯಿತು, ಗೊರಕೆ ನಿಟ್ಟುಸಿರಾಯಿತು, ನಿಂತಿತು. ರಾಕ್ಷಸ ಮಲಗಿದ.

ಅಂಗಳದಲ್ಲಿ ಎಲ್ಲರೂ ಸೇರಿದೆವು. ಮಾವ ಅಡಿಯಿಂದ ಮುಡಿಯವರೆಗೆ ತೊಯ್ದಿದ್ದ, ಕೈಯಲ್ಲಿ ಹೊಸ ನಲ್ಲಿ ಹಾಗೇ ಇತ್ತು. ಮಗುವಿನ ತಂದೆ ತಾಯಿ ಸೂಟ್‌ಕೇಸಿನಿಂದ ಬಟ್ಟೆ ತೆಗೆದು ಹಿಂಡುತ್ತಿದ್ದರು. ಏನಾಯಿತೆಂದು ನಾನೇ ಹೇಳಿದೆ. ಮಾವ ಕೇಳುತ್ತಾ ಹೋದಂತೆ ಅವನ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊನೆಗೆ ಅವನು ನನ್ನ ಕಡೆ ನೋಡದೆ ಡ್ರೈವರಮ್ಮನ ಕಡೆ ತಿರುಗಿದ.

"ಏನಮ್ಮಾ, ನಿಮ್ಮದೇನಾದ್ರೂ ದೂರು ಇದೆಯಾ?"

ಇಲ್ಲ ಅನ್ನಲಿ, ಇಲ್ಲ ಅನ್ನಲಿ ಎಂದು ನಾನು ಕೊಯ್ದ ಅಂಗೈಯನ್ನು ಬಿಗಿಯಾಗಿ ಮುಚ್ಚಿದೆ.

"ಇಲ್ದೆ ಏನು?" ಅಂದರು ಅವರು. "ಮಲಗಿದ್ದೋಳನ್ನ ಎಬ್ಬಿಸಿ ಗೋಡೆ ಒಡೆದ್ರಿ. ಹಾಸಿಗೆ ತುಂಬ ಧೂಳು. ಇದಕ್ಕೆ ದೂರು ಅನ್ನದೆ ಹೊಗಳಿಕೆ ಅಂತೀರಾ?"

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಾವ ನನ್ನ ಕಡೆ ನೋಡಿದ. "ಕೇಳಿಸ್ತಾ?"

ಈ ಸಲ ಹೂಂ ಕೂಡ ಬರಲಿಲ್ಲ.

ಅಮ್ಮ ಗೇಟಿನ ಪಕ್ಕದ ತನ್ನ ಕೋಣೆಯನ್ನು ಡ್ರೈವರಮ್ಮನಿಗೆ ಬಿಟ್ಟುಕೊಟ್ಟಳು. ಅಲ್ಲಿದ್ದವರು ಆ ಬೆಳಿಗ್ಗೆಯಷ್ಟೇ ಹೊರಟಿದ್ದರು. ಬ್ಯಾಗು ಹಿಡಿದು ಹೋಗುವಾಗ ಅವರು ನನ್ನ ಕೈ ನೋಡಿ ಜೇಬಿನಿಂದ ಕರವಸ್ತ್ರ ತೆಗೆದುಕೊಟ್ಟರು. ಕ್ಷಣದಲ್ಲಿ ಆ ಕಡೆಯಿಂದ ಗೊರಕೆಯ ಬಸ್ಸು ಮತ್ತೆ ಏರು ಹತ್ತತೊಡಗಿತು.

ನಾನು ಕೋಣೆಗೆ ಬಂದು ಗುಡಿಸಿದೆ. ಚೂರುಗಳನ್ನು ಬಕೆಟ್ಟಿಗೆ ತುಂಬಿದೆ, ಶೀಟು ಕೊಡವಿ ಬದಲಾಯಿಸಿದೆ, ಮಂಚವನ್ನು ಗೋಡೆಗೆ ತಳ್ಳಿದೆ. ತಲೆಹಲಗೆ ರಂಧ್ರವನ್ನು ಮುಚ್ಚಿಕೊಂಡಿತು. ಸೈಕಲ್ಲುಗಳಿಗೆ ಇಷ್ಟು ಶುಚಿ ಯಾಕೆ ಎಂದು ನನಗೇ ಅನಿಸಿತು. ಆದರೂ ಒರೆಸಿದೆ. ಬಿಸಿಲು ಹಾಸಿಗೆಯ ಮೇಲೆ ಬಂದು ಕೂತಿತ್ತು. ಹೂದಾನಿಯನ್ನು ಏನು ಮಾಡುವುದೆಂದು ತಿಳಿಯದೆ ಹಿಡಿದು ನಿಂತಿದ್ದೆ.

ಹೊರಗೆ ದೊಡ್ಡಮ್ಮನ ದನಿ. "ನನ್ನ ರೂಮು ಭರ್ತಿ ಕಣೋ. ಗೇಟಿನ ಪಕ್ಕದ್ದೂ ಹೋಯ್ತು. ನಿನ್ನದರಲ್ಲಿ ಮೀನು ಸಾಕಬಹುದು. ಈ ಮಗು ಇಟ್ಕೊಂಡಿರೋರನ್ನ ಎಲ್ಲಿ ಮಲಗಿಸ್ತೀಯ, ಸೈಕಲ್ ಸೀಟಿನ ಮೇಲಾ?"

ಮಾವ ಏನೋ ಗೊಣಗಿದ. ಆಮೇಲೆ ಒದ್ದೆ ಚಪ್ಪಲಿಯ ಪಚಪಚ ಸದ್ದು ನನ್ನ ಬಾಗಿಲವರೆಗೆ ಬಂದು ನಿಂತಿತು. ಅವನು ಹೊಸಿಲು ದಾಟಲಿಲ್ಲ. ಕೋಣೆಯನ್ನು, ಕಿಟಕಿಯನ್ನು, ಮಂಚವನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಕೋಣೆ ಸಿಗುತ್ತಾ?" ಎಂದ.

"ಯಾರಿಗೆ?"

"ಅವರಿಗೆ. ನನ್ನ ಅತಿಥಿಗಳಿಗೆ." ಗಂಟಲು ಸರಿಮಾಡಿಕೊಂಡ. "ಕೋಳಿಗೂಡಲ್ಲಿ ಇರ್ತೀರಾ ಅಂತ ಕೇಳಿಲ್ಲ. ಒಳ್ಳೇ ರೂಮಿದೆ ಅಂದೆ."

"ಮತ್ತೆ ಸೈಕಲ್ಲು?"

"ಹೊರಗೇ ಇರಲಿ. ಮಳೆ ಬಂದ್ರೆ ಟಾರ್ಪಾಲ್ ಹೊದಿಸ್ತೀನಿ, ಮುಂದಕ್ಕೂ. ಸಿಗುತ್ತಾ ಇಲ್ವಾ, ಹೇಳು."

ಹೂಂ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡೆ.

"ನೋಡಿ ಹೇಳ್ತೀನಿ. ಇರು."

ಹೂದಾನಿ ಕೆಳಗಿಟ್ಟೆ. ಮಂಚದ ಹಿಂದೆ ಕೈ ಹಾಕಿ ಚೂರು ಉಳಿದಿದೆಯೇ ಎಂದು ಅಂಚಂಚೂ ತಡವಿದೆ. ಮಗು ತೆವಳಬಹುದಾದ ನೆಲದ ಮೇಲೆ ಬರಿಗೈ ಆಡಿಸಿದೆ. ದೀಪ ಹಾಕಿ ಆರಿಸಿದೆ. ಬಾತ್‌ರೂಮಿನ ಮೂಲೆಗಳನ್ನು ಬಗ್ಗಿ ನೋಡಿದೆ. ಮಾವ ಬಾಗಿಲಲ್ಲಿ ಕಾದು ನಿಂತಿದ್ದ, ಒಂದು ಕಾಲು ಹೊಸಿಲ ಮೇಲೆ, ಒಂದು ಹೊರಗೆ.

"ಸಿಗುತ್ತೆ" ಎಂದೆ. "ಆದ್ರೆ ಮಂಚ ಎಳೀಬಾರದು. ಟೈಲ್ಸಿನವರು ನಾಳೆ ಬಂದು ಗೂಡಿಗೆ ಸಣ್ಣ ಬಾಗಿಲು ಇಡೋ ತನಕ ನಾನು ಬಂದು ಬಂದು ನೋಡ್ತಿರ್ತೀನಿ. ಇನ್ನೊಂದು, ಆ ನಲ್ಲಿ ಪೂರ್ತಿ ಕೂರಿಸಿ ಆದ್ಮೇಲೆ ನೀನೇ ಇಳಿದು ಬಂದು, ನನ್ನ ಮುಖ ನೋಡಿ ಹೇಳು. ಆಮೇಲೇ ನಾನು ನೀರು ಬಿಡೋದು."

"ನನಗೇ ಷರತ್ತಾ!" ಮಾವ ದೊಡ್ಡಮ್ಮನ ಕಡೆ ತಿರುಗಿದ. "ಕೇಳಿದ್ಯಾ ಅಕ್ಕಾ, ಮೋಡ ಗುಡುಗ್ತಾ ಇದೆ."

ಅಂಗಳದಲ್ಲಿ ಅಜ್ಜಿ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆ ಹೋಗಿದ್ದಾಳೆಂದೇ ನಾನು ತಿಳಿದಿದ್ದೆ.

"ಹೂಂ" ಅಂದಳು ಅಜ್ಜಿ. "ಆಮೇಲೆ?"